ಅಡುಗೆಮನೆಯಿಂದ ಮುಕ್ಕಾಲು ಮೈಲಿ

ನಮ್ಮ ಮನೆಯಲ್ಲಿ ಅಡುಗೆಮನೆಯಿಂದ ಅಪ್ಪನ ಕೋಣೆಗೆ ಮುಕ್ಕಾಲು ಮೈಲಿ ದೂರವಿತ್ತು. ಅದೂ ಅಪ್ಪನ ಮನಸ್ಸು ಸರಿಯಿದ್ದ ದಿನ. ಸರಿಯಿಲ್ಲದ ದಿನ ಎರಡು ಮೈಲಿಯೂ ಆಗುತ್ತಿತ್ತು. ಮನೆಯೇನೂ ಅರಮನೆಯಲ್ಲ. ಹಿಂದೆ ಅಡುಗೆಮನೆ, ಮಧ್ಯೆ ನಡುಮನೆ, ಮುಂದೆ ಬೀದಿಗೆ ಮುಖ ಮಾಡಿದ ಅಪ್ಪನ ಕೋಣೆ, ಇಷ್ಟೇ. ಹಾಲಿನವಳು ಬಂದರೆ ನಾಲ್ಕು ಹೆಜ್ಜೆಯಲ್ಲಿ ನಡುಮನೆ ದಾಟಿ ಅಪ್ಪನನ್ನು ಮಾತಾಡಿಸಿಕೊಂಡು ಹೋಗುತ್ತಿದ್ದಳು. ಅಮ್ಮನೋ ನಾನೋ ಹೊರಟರೆ ಮಾತ್ರ ನಡುಮನೆ ಉದ್ದವಾಗುತ್ತಿತ್ತು. ಸೈನ್ಯದಿಂದ ಹಿಂತಿರುಗಿದವರಿದ್ದ ಎಲ್ಲ ಮನೆಗಳಲ್ಲೂ ಹೀಗೇ. ಹೊರಗಿನವರಿಗೆ ಕೈಗೆಟಕುವಷ್ಟು ಹತ್ತಿರ, ಮನೆಯವರಿಗೆ ದೂರ. ಬೀದಿಯ ಕಡೆಯಿಂದ ಸುತ್ತಿ ಹೋಗಿ ದಾರಿ ಉಳಿಸಲು ನೋಡಿದ ಹೆಂಗಸರೂ ಇದ್ದರು. ಆಗ ಬೀದಿಯೇ ಉದ್ದವಾಯಿತು, ಸುಮ್ಮನೆ ಬಿಸಿಲಲ್ಲಿ ನಡೆದದ್ದೊಂದೇ ಬಂತು.

ನಲ್ಲಿಯ ಹತ್ತಿರ ಹೆಂಗಸರು ಊಟ ಆಯ್ತಾ ಎಂದು ಕೇಳುತ್ತಿರಲಿಲ್ಲ. "ಇವತ್ತು ಎಷ್ಟು ದೂರ?" ಎಂದು ಕೇಳುತ್ತಿದ್ದರು. "ಕಾಫಿ ಕೆನೆಗಟ್ಟೋಷ್ಟು" ಎಂದರೆ ಪರವಾಗಿಲ್ಲ ಎಂದರ್ಥ. "ಮುದ್ದೆ ಕಲ್ಲಾಗೋಷ್ಟು" ಎಂದರೆ ಎಲ್ಲರೂ ಆಕೆಯ ಕೊಡವನ್ನು ಮುಂದಕ್ಕೆ ಬಿಡುತ್ತಿದ್ದರು. ಚಪ್ಪಲಿ ಅಂಗಡಿಯಲ್ಲಿ ಟೈರಿನ ಅಟ್ಟೆಯ ಮನೆಯೊಳಗಿನ ಚಪ್ಪಲಿಗಳು ಬೇರೆಯೇ ಸಿಗುತ್ತಿದ್ದವು. ಸೈನಿಕನ ಮನೆಗೆ ಸೇರುವ ಮದುಮಗಳಿಗೆ ತವರಿನವರು ತಪ್ಪದೆ ಮುಚ್ಚಳದ ಚೊಂಬು ಕೊಡುತ್ತಿದ್ದರು. ಫ್ಲಾಸ್ಕ್ ಬಂದ ಹೊಸದರಲ್ಲಿ ಎಲ್ಲರೂ ಹಿಗ್ಗಿದರು. ಆದರೆ ಆ ದಾರಿಯಲ್ಲಿ ಫ್ಲಾಸ್ಕ್ ಕೂಡ ಸೋತಿತು. ಎಂಥ ಬಿಸಿ ಕಾಫಿ ಹಾಕಿದರೂ ಅಲ್ಲಿಗೆ ಮುಟ್ಟುವಾಗ ತಣ್ಣಗಾಗಿರುತ್ತಿತ್ತು.

ಅಪ್ಪ, ಹವಾಲ್ದಾರ್ ದೇವೀರಪ್ಪ, ಊರಿಗೆ ವಾಪಸಾದಾಗ ನನಗೆ ಆರು ವರ್ಷ. ಆಗಿನ ಆ ನಡಿಗೆಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಸಂಜೆ ನಾಲ್ಕಕ್ಕೆ ಅಮ್ಮ ಚೊಂಬಿಗೆ ಬಟ್ಟೆ ಸುತ್ತಿ, ನನ್ನ ಫ್ರಾಕಿನ ಜೇಬಿಗೆ ಹುರಿದ ಕಡಲೆಕಾಯಿ ತುಂಬಿ, "ನಡಿಯೇ ಶಕ್ಕೂ" ಎನ್ನುತ್ತಿದ್ದಳು. ಗೋಡೆಯ ಹಸಿರು ಬಣ್ಣ ಮುಗಿಯುತ್ತಲೇ ಇರಲಿಲ್ಲ. ಮೊದಲು ಕನ್ನಡಿಯ ಬೀರು ಬರುತ್ತಿತ್ತು, ಬಹಳ ಹೊತ್ತಾದ ಮೇಲೆ ಕ್ಯಾಲೆಂಡರ್, ಇನ್ನೂ ಬಹಳ ಹೊತ್ತಾದ ಮೇಲೆ ದೇವರ ಪಟ. ಕ್ಯಾಲೆಂಡರಿನ ಕೆಳಗೆ ಅಮ್ಮ ಒಂದು ಮರದ ಬೆಂಚು ಹಾಕಿಸಿದ್ದಳು. ಅದು ನಮ್ಮ ಅರ್ಧ ದಾರಿ. ಅಲ್ಲಿ ಕೂತು ಕಡಲೆಕಾಯಿ ಸುಲಿಯುತ್ತ ಅಮ್ಮ ತನ್ನ ತವರಿನ ಸುದ್ದಿ ಹೇಳುತ್ತಿದ್ದಳು, ಅತ್ತೆಯರನ್ನು ಅಣಕಿಸುತ್ತಿದ್ದಳು. ಅಡುಗೆಮನೆಯಲ್ಲಿ ಸಿಡುಕುತ್ತಿದ್ದವಳು ಆ ದಾರಿಯಲ್ಲಿ ನನ್ನೊಬ್ಬಳಿಗೇ ಸಿಗುತ್ತಿದ್ದಳು. ಅಪ್ಪನ ಕೋಣೆ ಹತ್ತಿರವಾಗುವುದು ಬೇಡ ಎಂದು ಆಗ ಒಂದೆರಡು ಸಲ ದೇವರಲ್ಲಿ ಬೇಡಿಕೊಂಡದ್ದೂ ಉಂಟು. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಕೊನೆಗೆ ಅಪ್ಪನ ಕೋಣೆ ಬರುತ್ತಿತ್ತು. ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತಿರುತ್ತಿದ್ದರು. ತಣ್ಣನೆಯ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಚೊಂಬು ವಾಪಸು ಕೊಡುತ್ತಿದ್ದರು. ನನ್ನ ತಲೆ ಸವರುತ್ತಿದ್ದರು. ಚೆನ್ನಾಗಿಲ್ಲ ಎಂದೂ ಹೇಳಲಿಲ್ಲ, ಚೆನ್ನಾಗಿದೆ ಎಂದೂ ಹೇಳಲಿಲ್ಲ. ಅದೇ ಅಪ್ಪ ಪೇಟೆಯಲ್ಲಿ ಹತ್ತು ಜನರ ನಡುವೆ ಕೂತು ನಗಿಸುತ್ತಾರೆಂದು ಎಲ್ಲರೂ ಹೇಳುತ್ತಿದ್ದರು. ನಾನು ಪೇಟೆಗೆ ಹೋದರೆ ಅವರು ದೂರದಲ್ಲೆಲ್ಲೋ ಬೆರಳುದ್ದ ಕಾಣುತ್ತಿದ್ದರು.

ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ಅಮ್ಮ, ನೀನೇ ಹೋಗಿ ತೋರಿಸಿ ಬಾ ಎಂದು ನನ್ನೊಬ್ಬಳನ್ನೇ ಕಳಿಸಿದಳು. ಅಂಕಪಟ್ಟಿ ಹಿಡಿದು ಹೊರಟೆ. ಬೆಂಚು ದಾಟಿದೆ, ದೇವರ ಪಟವನ್ನೂ ದಾಟಿದೆ. ಅವತ್ತು ಅಪ್ಪನ ಬಾಗಿಲು ಬರಲೇ ಇಲ್ಲ. ಒಂದು ಗಂಟೆಗೂ ಹೆಚ್ಚು ನಡೆದ ಮೇಲೆ ಕಾಲಿಗಿಂತ ಮೊದಲು ಮನಸ್ಸು ಸೋತಿತು. ನಿಂತೆ, ತಿರುಗಿ ಬಂದುಬಿಟ್ಟೆ. ಅಪ್ಪ ಏನಂದರು ಎಂದು ಅಮ್ಮ ಆಸೆಯಿಂದ ಕೇಳಿದಾಗ, ತಲೆ ಸವರಿದರು ಎಂದೆ. ಆ ಸುಳ್ಳು ಹೇಳಿದ ಮೇಲೆ ನಾನು ಮತ್ತೆ ಆ ದಾರಿ ಹಿಡಿಯಲಿಲ್ಲ. ಓದು ಇದೆ, ಟೈಪಿಂಗ್ ಕ್ಲಾಸ್ ಇದೆ ಎನ್ನುತ್ತ ಹನ್ನೆರಡು ವರ್ಷ ಕಳೆದೆ. ಅಷ್ಟರಲ್ಲಿ ಊರಿನ ಮಾಜಿ ಸೈನಿಕರ ಕಲ್ಯಾಣ ಕಚೇರಿಯಲ್ಲಿ ನನಗೆ ಗುಮಾಸ್ತೆಯ ಕೆಲಸವೂ ಸಿಕ್ಕಿತು. ಬೇರೆಯವರ ಅಪ್ಪಂದಿರ ಅರ್ಜಿಗಳನ್ನು ಅಚ್ಚುಕಟ್ಟಾಗಿ ಟೈಪ್ ಮಾಡುತ್ತಿದ್ದೆ. ಅಮ್ಮ ಒಬ್ಬಳೇ ನಡೆಯುತ್ತಿದ್ದಳು.

ಒಂದು ದಿನ ಕೆಲಸ ಮುಗಿಸಿ ಮನೆಗೆ ಬಂದರೆ ಅಮ್ಮ ಇಲ್ಲ. ಪಕ್ಕದ ಮನೆಯವರು ಎರಡು ಸಲ ನಡುಮನೆ ದಾಟಿ ಅಪ್ಪನನ್ನು ಮಾತಾಡಿಸಿ ಬಂದಿದ್ದರು. ಅವರಿಗೆ ಯಾರೂ ಕಂಡಿರಲಿಲ್ಲ. ನಾನು ಹೊರಟೆ. ಕಾಲು ಗಂಟೆ ನಡೆದ ಮೇಲೆ, ಬೆಂಚಿಗೆ ಇನ್ನೂ ಸ್ವಲ್ಪ ದೂರವಿರುವಾಗ, ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಂಡಿ ಊದಿತ್ತು. ಚೆಲ್ಲಿದ ಕಾಫಿ ಒಣಗಿಹೋಗಿತ್ತು. ನಾಲ್ಕಕ್ಕೆ ಹೊರಟವಳು ಆಗಿನಿಂದ ಕೂಗುತ್ತಿದ್ದಳಂತೆ. ಆ ಕಡೆಗೂ ಕೇಳಲಿಲ್ಲ, ಈ ಕಡೆಗೂ ಕೇಳಲಿಲ್ಲ.

ಇನ್ನು ಮೇಲೆ ಹೆಚ್ಚು ನಡೆಯಕೂಡದು ಎಂದು ಡಾಕ್ಟರು ಹೇಳಿದರು. ಊಟದ ಚಿಂತೆಯೇನೂ ಇರಲಿಲ್ಲ, ಪಕ್ಕದ ಮನೆಯವರು ನಾಲ್ಕು ಹೆಜ್ಜೆಯಲ್ಲಿ ತಟ್ಟೆ ಇಟ್ಟು ಬರುತ್ತಿದ್ದರು. ನಾನು ಅದನ್ನೇ ದೊಡ್ಡ ಸಮಾಧಾನವೆಂಬಂತೆ ಹೇಳಿದೆ. ಅಮ್ಮ ಮಂಡಿಗೆ ಬಿಸಿ ಉಪ್ಪಿನ ಗಂಟು ಇಟ್ಟುಕೊಳ್ಳುತ್ತ ನನ್ನ ಮುಖ ನೋಡಿದಳು.

"ಊಟ ಹೋಗುತ್ತೆ ಕಣೆ. ನಾನು ಹೋಗಲ್ವಲ್ಲ."

ಮರುದಿನದಿಂದ ನಾನೇ ಹೊರಟು ನೋಡಿದೆ. ಮೂರು ದಿನ ಹೋದೆ, ಮೂರು ದಿನವೂ ಮುಟ್ಟಲಿಲ್ಲ. ನನ್ನ ಪಾಲಿನ ದಾರಿ ಆ ಹನ್ನೆರಡು ವರ್ಷಗಳಲ್ಲಿ ಎಷ್ಟು ಬೆಳೆದಿತ್ತೋ ಏನೋ.

ಅಮ್ಮ ಬಿದ್ದ ಸುದ್ದಿ ನಲ್ಲಿಯಿಂದ ನಲ್ಲಿಗೆ ಹರಡಿತು. ಹೆಂಗಸರೆಲ್ಲ ಸೇರಿ ನಮ್ಮ ಕಚೇರಿಗೆ ಬಂದರು. ಕಚೇರಿಯ ಮುಖ್ಯಸ್ಥರು ಮೇಜರ್ ಉತ್ತಯ್ಯ. ಒಳ್ಳೆಯ ಮನುಷ್ಯರು, ಆದರೆ ಮದುವೆಯಾಗಿರಲಿಲ್ಲ. ಹಾಗಾಗಿ ಈ ದೂರದ ವಿಷಯವನ್ನು ಅವರು ಹೆಂಗಸರ ಸೋಮಾರಿತನವೆಂದೇ ತಿಳಿದಿದ್ದರು. ಬಂದವರು ಒಬ್ಬೊಬ್ಬರಾಗಿ ಕಾಲು ತೋರಿಸಿದ ಮೇಲೆ ಗಾಬರಿಯಾಗಿ, ಮೇಲಿನವರಿಗೆ ಬರೆದು ಒಂದು ಹುದ್ದೆ ಮಂಜೂರು ಮಾಡಿಸಿದರು. ಮಾಜಿ ಸೈನಿಕರಿಗೂ ಅವರ ಕುಟುಂಬದವರಿಗೂ ಆಪ್ತ ಸಮಾಲೋಚಕರು ಬೇಕಾಗಿದ್ದಾರೆ ಎಂಬ ಜಾಹೀರಾತನ್ನು ಟೈಪ್ ಮಾಡಿದವಳು ನಾನೇ. "ಕುಟುಂಬದವರಿಗೂ" ಎಂಬುದನ್ನು ನಾನಾಗಿಯೇ ಸೇರಿಸಿದ್ದೆ. ಮೇಜರ್ ಗಮನಿಸದೆ ಸಹಿ ಹಾಕಿದರು.

ಮೂವರು ಬಂದರು. ಪ್ರಶ್ನೆ ಕೇಳಿ ತಿಳಿಯುವುದೇನಿದೆ, ಒಂದು ಮನೆಗೆ ಕಳಿಸಿ ನೋಡೋಣ ಎಂದು ಮೇಜರ್ ತೀರ್ಮಾನಿಸಿದರು. ಕಚೇರಿಗೆ ಹತ್ತಿರದ ಮನೆ ನಮ್ಮದು. ಬೇಡ ಎನ್ನಲು ನನಗೆ ನೆಪ ಹೊಳೆಯಲಿಲ್ಲ.

ಮೊದಲನೆಯವರ ಹೆಸರಿನ ಮುಂದೆ ಮೂರು ಪದವಿಗಳಿದ್ದವು. ಬೀದಿ ಬಾಗಿಲಿನಿಂದ ನೇರ ಅಪ್ಪನ ಕೋಣೆಗೆ ಹೋದರು. ಹತ್ತು ನಿಮಿಷ ಇಬ್ಬರ ನಗು ಬೀದಿಯವರಿಗೆಲ್ಲ ಕೇಳಿಸಿತಂತೆ. ಹೊರಗೆ ಬಂದು, ಇಷ್ಟು ಲವಲವಿಕೆಯ ಮನುಷ್ಯನನ್ನು ನೋಡಿಯೇ ಇಲ್ಲ, ತೊಂದರೆಯಿರುವುದು ಮನೆಯವರ ಕಲ್ಪನೆಯಲ್ಲಿ ಎಂದು ಬರೆದುಕೊಟ್ಟರು. ಎರಡನೆಯವರು ಅಪ್ಪನಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡಲು ಹೋಗಿ, ತಾವೇ ಅಪ್ಪನಿಂದ ಕವಾಯತು ಕಲಿತು ಬಂದರು. ಅವರ ವರದಿಯೂ ಹೆಚ್ಚುಕಡಿಮೆ ಅದೇ. ಮೇಜರ್ ನನ್ನ ಕಡೆ ನೋಡಿ, ನಾನು ಮೊದಲೇ ಹೇಳಿರಲಿಲ್ಲವೇ ಎಂಬಂತೆ ಮೀಸೆ ತಿರುವಿದರು.

ಮೂರನೆಯವರು ಜುಬೇದಾ. ನಲವತ್ತು ದಾಟಿದ ಹೆಂಗಸು. ಹತ್ತಿಯ ಸೀರೆ, ಕಾಲಿಗೆ ಬಿಳಿಯ ಕ್ಯಾನ್ವಾಸ್ ಬೂಟು. ಆಕೆ ಅಪ್ಪನ ಕೋಣೆಗೆ ಹೋಗಲೇ ಇಲ್ಲ. ಹಿತ್ತಿಲಿನಿಂದ ಸುತ್ತಿ ಅಡುಗೆಮನೆಗೆ ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತರು. ಈ ಮನೆಯಲ್ಲಿ ಕಾಫಿ ಯಾರು ಕೊಂಡುಹೋಗುತ್ತಾರೆ ಎಂದು ಕೇಳಿದರು. ಇಷ್ಟು ವರ್ಷ ತಾನು, ಈಗ ಯಾರೂ ಇಲ್ಲ ಎಂದಳು ಅಮ್ಮ. ಜುಬೇದಾ ನನ್ನ ಕಡೆ ತಿರುಗಿದರು.

"ನಿಮ್ಮ ಕೈ ಕೊಡಿ. ನಿಮ್ಮ ಜೊತೆ ಬರ್ತೀನಿ. ನನ್ನ ದಾರೀಲಿ ಹೋದ್ರೆ ನಾಲ್ಕು ಹೆಜ್ಜೆ ಅಂತೆ, ಅದರಿಂದ ನನಗೇನೂ ಗೊತ್ತಾಗಲ್ಲ."

ಇಷ್ಟು ವರ್ಷಗಳಲ್ಲಿ ನಮ್ಮೂರಿನ ಒಬ್ಬರಿಗೂ ಇದು ಹೊಳೆದಿರಲಿಲ್ಲ. ನಾನು ಕೈ ಕೊಟ್ಟೆ. ಆಕೆ ಹಿಡಿದ ಮೇಲೆ ಬಿಡಲಿಲ್ಲ. ಆಕೆಗೂ ಹಸಿರು ಗೋಡೆ ಉದ್ದವಾಯಿತು, ಬೀರು ಬಂತು, ಬಹಳ ಹೊತ್ತಿನ ಮೇಲೆ ಬೆಂಚು ಬಂತು. ದಾರಿಯುದ್ದಕ್ಕೂ ಆಕೆ ಅಪ್ಪನ ಬಗ್ಗೆ ಏನನ್ನೂ ಕೇಳಲಿಲ್ಲ. ನಾನು ಸಣ್ಣವಳಿದ್ದಾಗ ಜೇಬಿನಲ್ಲಿ ಏನಿರುತ್ತಿತ್ತು, ಅಮ್ಮ ಏನು ಮಾತಾಡುತ್ತಿದ್ದಳು ಎಂದು ಕೇಳಿದರು. ದೇವರ ಪಟದ ಹತ್ತಿರ ಬಂದಾಗ ನನಗೆ ಗೊತ್ತಿಲ್ಲದಂತೆಯೇ ಅಂಕಪಟ್ಟಿಯ ಕಥೆ ಬಾಯಿಂದ ಹೊರಗೆ ಬಂತು. ಯಾರಿಗೂ ಹೇಳಿರಲಿಲ್ಲ. ಹೇಳಿ ಅತ್ತೆ. ಆಕೆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಮತ್ತೆ ಅರ್ಧ ಗಂಟೆ ನಡೆದೆವು. ಬಾಗಿಲು ಬರಲಿಲ್ಲ. ಇವತ್ತಿಗೆ ಸಾಕು ಎಂದು ಇಬ್ಬರೂ ವಾಪಸಾದೆವು.

ಕಚೇರಿಯಲ್ಲಿ ಮೇಜರ್ ಗಡಿಯಾರ ನೋಡುತ್ತ ಕೂತಿದ್ದರು. ಮೂರು ಗಂಟೆ ಕಾಯಿಸಿದ್ದಕ್ಕೆ ಅವರಿಗೆ ರೇಗಿತ್ತು. ಜುಬೇದಾ ಕೊಟ್ಟ ವರದಿಯಲ್ಲಿ ಒಂದೇ ಒಂದು ಸಾಲು, "ಹೋಗಿದ್ದೆ, ಮುಟ್ಟಲಿಲ್ಲ." ಮೇಜರ್ ಅದನ್ನು ಮೇಜಿನ ಮೇಲೆ ಹಾಕಿ, ಮೊದಲನೆಯವರು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದರು, ಅವರಿಗೇ ಆದೇಶ ಟೈಪ್ ಮಾಡಿ ಎಂದರು. ಆರು ವರ್ಷದ ನೌಕರಿಯಲ್ಲಿ ನಾನು ಅವರಿಗೆ ಎದುರಾಡಿದವಳಲ್ಲ.

"ಸರ್, ಅವರಿಬ್ಬರು ಹೋಗಿದ್ದು ನಮ್ಮಪ್ಪನ ಹತ್ರ. ನಮ್ಮ ಮನೆಗೆ ಬಂದಿದ್ದು ಇವರೊಬ್ಬರೇ."

ಮೇಜರ್ ಆ ವರದಿಯನ್ನು ಮತ್ತೆ ಕೈಗೆತ್ತಿಕೊಂಡರು. ನಿಮ್ಮ ಮನೆಯಲ್ಲೂ ಇದು ನಿಜವೇ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಕಚೇರಿಯ ಪಟ್ಟಿಯಲ್ಲಿ ನಮ್ಮ ಮನೆಯ ಮುಂದೆ "ತೊಂದರೆ ಇಲ್ಲ" ಎಂದು ಪ್ರತಿ ವರ್ಷ ಬರೆಯುತ್ತಿದ್ದವಳು ನಾನೇ ಅಲ್ಲವೇ. ಅದನ್ನೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಜುಬೇದಾ ಅವರ ಹೆಸರಿಗೆ ಆದೇಶ ಟೈಪ್ ಮಾಡಿಸಿ ಸಹಿ ಹಾಕಿದರು. ಹಾಕುವ ಮೊದಲು ಈ ಸಲ ಪೂರ್ತಿ ಓದಿದರು.

ಕೆಲಸಕ್ಕೆ ಸೇರಿದ ಮೊದಲ ವಾರ ಜುಬೇದಾ ಮೇಡಂ ದಿನವೂ ನಮ್ಮ ಮನೆಗೆ ಬಂದರು. ಅಡುಗೆಮನೆಯಲ್ಲಿ ಒಂದು ಗಂಟೆ ಅಮ್ಮನ ಜೊತೆ, ಆಮೇಲೆ ನಾಲ್ಕು ಹೆಜ್ಜೆಯಲ್ಲಿ ದಾಟಿ ಅಪ್ಪನ ಕೋಣೆಯಲ್ಲಿ ಒಂದು ಗಂಟೆ. ಅಲ್ಲಿಂದ ಬೀದಿಗೆ ನಗು ಕೇಳಿಸುತ್ತಿರಲಿಲ್ಲ. ಅಪ್ಪ ಏನು ಹೇಳಿದರು ಎಂದು ಕೇಳಿದರೆ, ಅದನ್ನು ಅವರ ಬಾಯಿಂದಲೇ ಕೇಳಿ ಎನ್ನುತ್ತಿದ್ದರು. ಏಳನೆಯ ದಿನ ಅಮ್ಮನಿಗೆ ಒಂದು ಮಾತು ಹೇಳಿದರು. ನಾಳೆ ಕಾಫಿ ಮಾಡಿ ಕೊಂಡುಹೋಗಬೇಡಿ, ಸೀಮೆಎಣ್ಣೆ ಸ್ಟೋವನ್ನೇ ಎತ್ತಿಕೊಂಡು ಬೆಂಚಿನವರೆಗೆ ಹೋಗಿ ಅಲ್ಲೇ ಹಚ್ಚಿ, ಮುಂದೆ ಹೋಗಬೇಡಿ.

ಅಮ್ಮ ಬೆಚ್ಚಿಬಿದ್ದಳು. ಒಲೆಯನ್ನು ಅಡುಗೆಮನೆಯಿಂದ ಹೊರಗೆ ತರುವುದೇ? ಗಂಡನಿಗೆ ಕಾಫಿ ಮುಟ್ಟಿಸದೆ ದಾರಿಯಲ್ಲಿ ಕೂರುವುದೇ? ನಲ್ಲಿಯ ಹತ್ತಿರ ಸುದ್ದಿ ತಿಳಿದಾಗ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ನಮ್ಮೂರಿನಲ್ಲಿ ನಡೆಯುವುದು ಹೆಂಗಸಿನ ಪಾಲು, ಕೂತಿರುವುದು ಗಂಡಸಿನ ಪಾಲು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮೀರಿದವರು ಒಬ್ಬರೂ ಇರಲಿಲ್ಲ. ಅಮ್ಮ ಇಡೀ ದಿನ ಗೊಣಗಿದಳು. ಸಂಜೆ ಮಾತ್ರ ಸ್ಟೋವಿನ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವ ಹಾಗೆ ತಿಕ್ಕಿಟ್ಟಳು.

ಮರುದಿನ ಮೂರಕ್ಕೇ ಹೊರಟೆವು. ನನ್ನ ಒಂದು ಕೈಯಲ್ಲಿ ಸ್ಟೋವ್, ಇನ್ನೊಂದು ತೋಳಿನ ಮೇಲೆ ಅಮ್ಮನ ಭಾರ. ಅಮ್ಮನ ಕೈಯಲ್ಲಿ ಹಾಲಿನ ಪಾತ್ರೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆವು. ಅಮ್ಮ ಎಷ್ಟೋ ವರ್ಷಗಳ ಮೇಲೆ ಅತ್ತೆಯರನ್ನು ಅಣಕಿಸಿದಳು. ಬೆಂಚಿನ ಮೇಲೆ ಅವಳನ್ನು ಕೂರಿಸಿ ಸ್ಟೋವಿಗೆ ಪಂಪ್ ಹೊಡೆದೆ. ಬುಸ್ ಎಂದು ನೀಲಿ ಉರಿ ಎದ್ದಿತು. ಆ ಸದ್ದು ಹಸಿರು ಗೋಡೆಗಳ ನಡುವೆ ಎರಡೂ ಕಡೆಗೆ ಹೋಯಿತು.

ಕಾಫಿ ಆಯಿತು. ಯಾರೂ ಬರಲಿಲ್ಲ. ಅಮ್ಮ ಇಳಿಸಿದಳು, ಆರಿತು, ಮತ್ತೆ ಇಟ್ಟಳು. ಮೂರನೆಯ ಸಲ ಬಿಸಿಯಾದಾಗ ಸ್ಟೋವ್ ಆರಿಸಲು ಕೈ ಚಾಚಿದಳು. ಬರಲ್ಲ ಕಣೆ, ನಡಿ ಹೋಗೋಣ, ನನಗೆ ಗೊತ್ತಿತ್ತು ಎಂದಳು. ನಾನು ಸೀಮೆಎಣ್ಣೆ ಇನ್ನೂ ಇದೆ ಎಂದೆ. ಅವತ್ತು ನನಗೆ ಅಪ್ಪನ ಮೇಲೆ ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಬಂದರೆ ಸಾಕು ಎಂಬ ಆಸೆಯೂ ಯಾವತ್ತೂ ಅಷ್ಟು ಇರಲಿಲ್ಲ.

ದೇವರ ಪಟದ ಆಚೆ ಒಬ್ಬರು ಕಂಡರು. ಮೊದಲು ಬೆರಳುದ್ದ. ಆಮೇಲೆ ಮೊಳದುದ್ದ. ಗೋಡೆ ಹಿಡಿದು, ನಿಂತು ನಿಂತು ಬರುತ್ತಿದ್ದರು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಅಪ್ಪ ಇಷ್ಟು ಮುದುಕರಾಗಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮ ಏಳಲು ಹೋದಳು, ನಾನು ತೋಳು ಹಿಡಿದು ಕೂರಿಸಿದೆ. ಎದ್ದು ಹೋಗುವುದು ಅವಳಿಗೆ ಅಷ್ಟು ಅಭ್ಯಾಸವಾಗಿತ್ತು.

ಅಪ್ಪ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಉಸಿರು ಹತೋಟಿಗೆ ಬರುವವರೆಗೆ ಮೂವರೂ ಸ್ಟೋವಿನ ಉರಿಯನ್ನೇ ನೋಡಿದೆವು. ಅಮ್ಮ ಕುದಿಯುವ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಅಪ್ಪ ಎಂದಿನ ರೂಢಿಯಂತೆ ಒಂದೇ ಗುಟುಕಿಗೆ ಎತ್ತಿದರು, ಮುಖ ಕಿವುಚಿಕೊಂಡು ಲೋಟ ಕೆಳಗಿಟ್ಟರು.

"ಸುಡ್ತು," ಎಂದರು.

ಇಪ್ಪತ್ತೊಂದು ವರ್ಷಗಳಲ್ಲಿ ಅಮ್ಮನ ಕಾಫಿಯ ಬಗ್ಗೆ ಅವರು ಆಡಿದ ಮೊದಲ ಮಾತು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗಲು ಶುರು ಮಾಡಿದಳು. ನಗುತ್ತ ನಗುತ್ತ ಅಳುತ್ತಿದ್ದಾಳೆಂದು ನನಗೆ ತಡವಾಗಿ ತಿಳಿಯಿತು. ಅಪ್ಪ ಅವಳ ಊದಿದ ಮಂಡಿಯನ್ನು ನೋಡಿದರು. ಕೈ ಚಾಚಿ ಅದರ ಮೇಲೆ ಅಂಗೈ ಇಟ್ಟು ಹಾಗೇ ಬಿಟ್ಟರು.

"ನಾನೂ ದಿನಾ ಹೊರಡ್ತಿದ್ದೆ ಸಾವಂತ್ರಿ," ಎಂದರು. "ಅರ್ಧ ಬರೋ ಹೊತ್ಗೆ ನಿನ್ನ ಹೆಜ್ಜೆ ಸದ್ದು ಕೇಳ್ತಿತ್ತು. ಇಷ್ಟು ದೂರ ಬರಕ್ಕಾಗದೆ ನಿಂತಿರೋನ್ನ ನೀನು ನೋಡ್ಬಾರ್ದು ಅಂತ ವಾಪಸ್ ಹೋಗಿ ಕೂತ್ಕೊಂಡ್ಬಿಡ್ತಿದ್ದೆ."

ಅಮ್ಮ ಮಂಡಿಯ ಮೇಲಿದ್ದ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಅಪ್ಪ ಲೋಟವನ್ನು ಮತ್ತೆ ಎತ್ತಿಕೊಂಡು, ಈ ಸಲ ಊದಿ ಊದಿ ಕುಡಿಯುತ್ತ, ನನ್ನ ಕಡೆ ತಿರುಗಿದರು. ನನ್ನ ಕಾಲಿನ ಚಪ್ಪಲಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಒಂದಿನ ನಿನ್ನ ಚಪ್ಪಲಿ ಸದ್ದು ಕೇಳಿತ್ತು. ಒಬ್ಳೇ ಬರ್ತಿದ್ದೆ. ನಾನು ಬಾಗಿಲಿಗೆ ಬಂದು ನಿಂತಿದ್ದೆ. ಆಮೇಲೆ ಸದ್ದು ವಾಪಸ್ ಹೋಯ್ತು." ಒಂದು ಗುಟುಕು ಕುಡಿದರು. "ಎಷ್ಟು ಬಂದಿತ್ತು ನಂಬರು?"

ಹನ್ನೆರಡು ವರ್ಷ ಕಳೆದಿತ್ತು. ಅಮ್ಮ ನನ್ನ ಮುಖ ನೋಡುತ್ತಿದ್ದಳು. ನನ್ನ ಸುಳ್ಳು ಅವಳಿಗೆ ಈಗ ಗೊತ್ತಾಗಿತ್ತು, ಆದರೆ ಅದರ ಬಗ್ಗೆ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಫಸ್ಟ್ ಕ್ಲಾಸ್ ಅಪ್ಪಾ, ಎಂದೆ. ಗಣಿತದಲ್ಲಿ ಎಷ್ಟು ಎಂದು ಕೇಳಿದರು. ಎಂಬತ್ತೆರಡು ಎಂದೆ. ಇಂಗ್ಲಿಷಿನಲ್ಲಿ? ವಿಜ್ಞಾನದಲ್ಲಿ? ಒಂದೊಂದನ್ನೂ ಕೇಳಿದರು. ಒಂದನ್ನೂ ನಾನು ಮರೆತಿರಲಿಲ್ಲ.

ಆ ವರ್ಷದ ಕೊನೆಯ ಹೊತ್ತಿಗೆ ಊರಿನ ಎಷ್ಟೋ ನಡುಮನೆಗಳಲ್ಲಿ ಬೆಂಚುಗಳು ಬಂದಿದ್ದವು, ಸಂಜೆಯಾದರೆ ಸ್ಟೋವಿನ ಸದ್ದು ಕೇಳಿಸುತ್ತಿತ್ತು. ಎಲ್ಲ ಮನೆಗಳಲ್ಲೂ ಎದುರಿನಿಂದ ನಡೆದು ಬಂದರು ಎಂದು ಹೇಳಲಾರೆ. ನಮ್ಮ ಮನೆಯಲ್ಲಿ ದಾರಿ ನಿಧಾನವಾಗಿ ಗಿಡ್ಡವಾಯಿತು. ಕೊನೆಯ ವರ್ಷಗಳಲ್ಲಿ ಅಪ್ಪ ನೇರ ಅಡುಗೆಮನೆಗೇ ಬಂದು ಕೂತು, ಕಾಫಿ ಬಿಸಿ ಸಾಲದು ಎಂದು ತಕರಾರು ತೆಗೆಯುತ್ತಿದ್ದರು. ಅಮ್ಮ ನನ್ನ ಕಡೆ ನೋಡಿ, ಇದಕ್ಕೇನಾ ಕರೆಸಿದ್ದು ಎಂದು ಕಣ್ಣಲ್ಲೇ ಕೇಳುತ್ತಿದ್ದಳು.

ಈಗ ಇಬ್ಬರೂ ಇಲ್ಲ. ಮನೆಯಲ್ಲಿ ನಾನೊಬ್ಬಳೇ. ಆ ಬೆಂಚು ಇನ್ನೂ ಅಲ್ಲೇ ಇದೆ. ನಾಲ್ಕು ಹೆಜ್ಜೆಯ ನಡುಮನೆಯ ತುಂಬ ಅದೇ ಆಗಿ, ಬಂದವರೆಲ್ಲ ಕಾಲು ಎಡವಿಕೊಂಡು, ಇದನ್ನು ತೆಗೆಸಬಾರದೇ ಎನ್ನುತ್ತಾರೆ. ಸಂಜೆ ನಾಲ್ಕಕ್ಕೆ ಕಾಫಿ ಮಾಡಿ, ಚೊಂಬಿಗೆ ಬಟ್ಟೆ ಸುತ್ತಿ, ಜೇಬಿಲ್ಲದ ಸೀರೆಯ ಸೆರಗಿನಲ್ಲಿ ಕಡಲೆಕಾಯಿ ಕಟ್ಟಿಕೊಂಡು ಹೊರಡುತ್ತೇನೆ. ಎಷ್ಟು ನಿಧಾನವಾಗಿ ನಡೆದರೂ ಎರಡೇ ಹೆಜ್ಜೆಗೆ ಬೆಂಚು ಬಂದುಬಿಡುತ್ತದೆ. ಕೂತು ಮುಚ್ಚಳ ತೆಗೆಯುತ್ತೇನೆ. ಕಾಫಿ ಇನ್ನೂ ಸುಡುತ್ತಿರುತ್ತದೆ.